ವೀಲ್‌ಚೇರ್‌ನಲ್ಲಿ ಕೂತವರೂ ಬೆವರಬೇಕು

ಮೆಣಸು ಕೊಯ್ಯುವಾಗ ಏಣಿ ಜಾರುತ್ತದೆ. ಮರ ಕಪಾತು ಮಾಡುವಾಗ ಕೊಂಬೆ ಮುರಿಯುತ್ತದೆ. ಮಳೆಗಾಲದ ತಿರುವಿನಲ್ಲಿ ಬೈಕ್ ಬೀಳುತ್ತದೆ. ಕೊಡಗಿನಲ್ಲಿ ಬೆನ್ನುಹುರಿಗೆ ಪೆಟ್ಟಾಗೋಕೆ ದಾರಿ ಬೇಕಾದಷ್ಟಿವೆ. ನನ್ನದು ಏಣಿ.

ಬಿದ್ದ ಮೇಲೆ ಮನೆಯವರು ಪ್ರೀತಿಯಿಂದ ಹೇಳೋ ಮಾತು ಒಂದೇ. "ನೀನು ಸುಮ್ನೆ ಕೂತ್ಕೋ ಮಗಾ, ನಾವಿದ್ದೀವಲ್ಲ." ನೀರು ಕೈಗೆ ಬರುತ್ತದೆ, ಊಟ ಕೈಗೆ ಬರುತ್ತದೆ, ಕುರ್ಚಿಯನ್ನೂ ಯಾರೋ ತಳ್ಳುತ್ತಾರೆ. ಯಾರ ಮೇಲೂ ನನಗೆ ಸಿಟ್ಟಿಲ್ಲ. ಆದರೆ ಈ ಪ್ರೀತಿಯೇ ನಮ್ಮ ಹೃದಯಕ್ಕೆ ಕಷ್ಟ ಕೊಡ್ತಿದೆ ಅಂತ ಗಟ್ಟಿಯಾಗಿ ಹೇಳಲೇಬೇಕು.

ದೇಹದ ದೊಡ್ಡ ಸ್ನಾಯುಗಳು ಇರೋದು ತೊಡೆ, ಸೊಂಟದಲ್ಲಿ. ಅವು ಕೆಲಸ ನಿಲ್ಲಿಸಿದರೆ ಕರಗುತ್ತಾ ಹೋಗುತ್ತವೆ, ಆ ಜಾಗಕ್ಕೆ ಕೊಬ್ಬು ಬರುತ್ತದೆ. ತಿಂದದ್ದನ್ನು ಸುಡೋಕೆ ಮೊದಲಿನಷ್ಟು ಸ್ನಾಯು ಇಲ್ಲ, ತಟ್ಟೆ ಮಾತ್ರ ಮೊದಲಿನಷ್ಟೇ. ಸಕ್ಕರೆ ಕಾಯಿಲೆ ಹತ್ತಿರ ಬರುತ್ತದೆ, ಒಳ್ಳೆ ಕೊಲೆಸ್ಟ್ರಾಲ್ ಇಳಿಯುತ್ತದೆ. ತೂಕದ ಮಷಿನ್ ನಂಬಬೇಡಿ, ಸ್ನಾಯು ಕರಗಿದವರಿಗೆ ಅದು ಸುಳ್ಳು ಧೈರ್ಯ ಕೊಡುತ್ತದೆ. ಸೊಂಟದ ಸುತ್ತಳತೆ ನೋಡಿ. ಬೆನ್ನುಹುರಿ ಪೆಟ್ಟಾದವರ ಸಾವಿಗೆ ದೊಡ್ಡ ಕಾರಣಗಳಲ್ಲಿ ಹೃದಯದ ಕಾಯಿಲೆಯೂ ಒಂದು. ಚೆಕಪ್‌ಗೆ ಹೋದಾಗ ಕೂತು ಕೂತು ಹುಣ್ಣು ಆಗಿದೆಯಾ, ಮೂತ್ರದ ಸೋಂಕು ಇದೆಯಾ ಅಂತ ಕೇಳುತ್ತಾರೆ. ಹೃದಯದ ಮಾತು ನಾವೇ ಎತ್ತಬೇಕು. ಪೆಟ್ಟು ಎದೆಯ ಮೇಲ್ಭಾಗದಲ್ಲೋ ಕುತ್ತಿಗೆಯಲ್ಲೋ ಆಗಿದ್ದರೆ ಎದೆನೋವು ಬಂದರೂ ಗೊತ್ತಾಗದೇ ಇರಬಹುದು. ಹಾಗಾಗಿ ಬಿಪಿ, ಶುಗರ್, ಕೊಲೆಸ್ಟ್ರಾಲ್ ನೋಡಿಸಿಕೊಳ್ಳುತ್ತಲೇ ಇರಿ.

"ದಿನವಿಡೀ ಕುರ್ಚಿ ತಳ್ಳುತ್ತೀಯಲ್ಲ, ಅದೇ ವ್ಯಾಯಾಮ" ಅನ್ನುತ್ತಾರೆ. ಅಡುಗೆಮನೆಯಿಂದ ಜಗಲಿಗೆ ನಿಧಾನಕ್ಕೆ ತಳ್ಳಿದರೆ ಹೃದಯಕ್ಕೆ ಏನೂ ಸಾಲಲ್ಲ. ಉಸಿರು ಏರಬೇಕು. ಬೆನ್ನುಹುರಿ ಪೆಟ್ಟಾದವರಿಗೇ ಅಂತ 2018ರಲ್ಲಿ ಬಂದ ಸಲಹೆ ಪ್ರಕಾರ, ಹೃದಯಕ್ಕೆ ಪ್ರಯೋಜನ ಆಗಬೇಕಾದರೆ ವಾರಕ್ಕೆ 3 ಸಲ, ಸಲಕ್ಕೆ 30 ನಿಮಿಷವಾದರೂ ಉಸಿರು ಏರುವ ವ್ಯಾಯಾಮ ಬೇಕು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಅಂಗವೈಕಲ್ಯ ಇರುವ ವಯಸ್ಕರಿಗೂ ವಾರಕ್ಕೆ 150ರಿಂದ 300 ನಿಮಿಷ ಅಂದಿದೆ. ಗಾಬರಿಯಾಗಬೇಡಿ, 5 ನಿಮಿಷದಿಂದ ಶುರು ಮಾಡಿ. ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು. ಅಷ್ಟು ಜೋರು ಸಾಕು. ಎದೆಯ ಮೇಲ್ಭಾಗದಲ್ಲೋ ಕುತ್ತಿಗೆಯಲ್ಲೋ ಪೆಟ್ಟಾದವರಿಗೆ ನಾಡಿಬಡಿತ ಹೆಚ್ಚು ಏರದೇ ಇರಬಹುದು, ಅದಕ್ಕೇ ವಾಚ್‌ಗಿಂತ ಈ ಲೆಕ್ಕ ವಾಸಿ.

ಆದರೆ ಎಲ್ಲಿ ಮಾಡೋದು? ಮಡಿಕೇರಿಯಲ್ಲಿ ಒಂದೋ ಏರು, ಇಲ್ಲಾ ಇಳಿಜಾರು. ನನಗೆ ಸಿಕ್ಕಿದ ಉತ್ತರ ಕಾಫಿ ಒಣಗಿಸೋ ಕಣ. ಸಿಮೆಂಟ್ ಹಾಕಿದ ಅಗಲವಾದ ಸಮತಟ್ಟು ಜಾಗ, ಗಾಡಿ ಓಡಾಟ ಇಲ್ಲ. ಉದ್ದದ ಬದಿಯಲ್ಲಿ ಜೋರಾಗಿ ತಳ್ಳುತ್ತೇನೆ, ಅಗಲದ ಬದಿಯಲ್ಲಿ ನಿಧಾನ ಮಾಡಿ ಉಸಿರು ತಗೊಳ್ಳುತ್ತೇನೆ. ಚಕ್ರವನ್ನು ಚಿಕ್ಕ ಚಿಕ್ಕದಾಗಿ ಕುಟ್ಟಬಾರದು. ಹಿಂದಿನಿಂದ ಹಿಡಿದು ಉದ್ದಕ್ಕೆ ತಳ್ಳಿ, ಆಮೇಲೆ ಕೈಯನ್ನು ಕೆಳಗೆ ಇಳಿಬಿಟ್ಟು ಹಿಂದಕ್ಕೆ ತರಬೇಕು. ಟೈರಿನಲ್ಲಿ ಗಾಳಿ ಕಮ್ಮಿಯಾದರೆ ಆ ಭಾರವೆಲ್ಲ ಭುಜಕ್ಕೇ. ಭುಜ ಹೋದರೆ ನಮಗೆ ಕಾಲು ಎರಡನೇ ಸಲ ಹೋದ ಹಾಗೆ, ಅದಕ್ಕೇ ಇಷ್ಟು ಒತ್ತಿ ಹೇಳ್ತಿದ್ದೀನಿ. ತಳ್ಳೋದರ ಜೊತೆಗೆ ಎಳೆಯೋದೂ ಇರಲಿ. ರಬ್ಬರ್ ಬ್ಯಾಂಡನ್ನು ಕಿಟಕಿ ಸರಳಿಗೆ ಕಟ್ಟಿ, ಬ್ರೇಕ್ ಹಾಕಿ, ಹುಟ್ಟು ಹಾಕುವ ತರ ಎದೆಗೆ ಎಳೆಯಿರಿ. ಜೂನ್ ಬಂದರೆ ಕಣದಲ್ಲಿ ಪಾಚಿ, ಜಾರುತ್ತದೆ. ಆಗ ಜಗಲಿಯಲ್ಲಿ ಈ ಬ್ಯಾಂಡು, ಗಾಳಿಗೆ ಗುದ್ದೋದು, ಇಷ್ಟೇ.

ಪೆಟ್ಟು ಎದೆಯ ಮೇಲ್ಭಾಗದಲ್ಲೋ ಕುತ್ತಿಗೆಯಲ್ಲೋ ಇದ್ದರೆ ಡಾಕ್ಟರ್ ಹತ್ತಿರ ಕೇಳದೆ ಶುರು ಮಾಡಬೇಡಿ. ಮೊದಲು ಮೂತ್ರ ಖಾಲಿ ಮಾಡಿಕೊಳ್ಳಿ. ಇದ್ದಕ್ಕಿದ್ದಂತೆ ತಲೆ ಸಿಡಿದು, ಮುಖ ಕೆಂಪಾಗಿ ಬೆವರಿದರೆ ಬಿಪಿ ಏರಿದೆ ಅಂತ ಅರ್ಥ. ಮಲಗಿಸಬಾರದು, ನೆಟ್ಟಗೆ ಕೂರಿಸಿ. ಮೂತ್ರದ ಪೈಪ್ ಮಡಚಿದೆಯಾ ನೋಡಿ. ಇಳಿಯದಿದ್ದರೆ ತಕ್ಷಣ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಪೆಟ್ಟಾದ ಮೇಲೆ ಬೆವರೇ ಬರದವರು ಮಧ್ಯಾಹ್ನದ ಬಿಸಿಲಿಗೆ ಇಳಿಯಬೇಡಿ.

ಇದು ಸೈನಿಕರ ಜಿಲ್ಲೆ, ಹಾಕಿಯ ಜಿಲ್ಲೆ. 1965ರ ಯುದ್ಧದಲ್ಲಿ ಗುಂಡೇಟು ತಿಂದ ಮಹಾರಾಷ್ಟ್ರದ ಯೋಧ ಮುರಳಿಕಾಂತ್ ಪೇಟ್ಕರ್ 1972ರ ಪ್ಯಾರಾಲಿಂಪಿಕ್ಸ್‌ನಲ್ಲಿ ಈಜಿ ಚಿನ್ನ ಗೆದ್ದರು. 1997ರಿಂದ ಕೊಡವ ಕುಟುಂಬಗಳ ಹಾಕಿ ಹಬ್ಬ ನಡೆಸುತ್ತಾ ಬಂದಿರೋ ಊರು ನಮ್ಮದು. ಇಷ್ಟೆಲ್ಲ ಇದ್ದೂ ನಮ್ಮಂಥವರಿಗೆ ಆಟ ಅಂದರೆ ಬೌಂಡರಿ ಪಕ್ಕ ಕೂತು ನೋಡೋದು ಮಾತ್ರ. ಯಾಕೆ?

ತೋಟದವರಲ್ಲಿ ಒಂದು ಕೇಳಿಕೆ. ಏಪ್ರಿಲ್ ಕೊನೆ ಹೊತ್ತಿಗೆ ಸಾಮಾನ್ಯವಾಗಿ ಕಾಫಿ, ಮೆಣಸು ಒಣಗಿ ಗೋಡೌನ್ ಸೇರಿರುತ್ತದೆ, ಮಳೆ ಹಿಡಿಯೋವರೆಗೆ ಕಣ ಖಾಲಿ. ಸಂಜೆ ಒಂದು ಗಂಟೆ ಅಕ್ಕಪಕ್ಕದ ವೀಲ್‌ಚೇರ್‌ನವರಿಗೆ ಬಿಟ್ಟುಕೊಡಿ. ತೋಟದ ಕೆಲಸಗಾರರ ಲೈನ್‌ಮನೆಗಳಲ್ಲೂ ಬಿದ್ದು ಮೂಲೆ ಸೇರಿದವರಿದ್ದಾರೆ, ಅವರನ್ನು ಮೊದಲು ಕರೆಯಿರಿ. ಕಣಕ್ಕೆ ಮೆಟ್ಟಿಲಿದ್ದರೆ ಗಟ್ಟಿ ಹಲಗೆಯನ್ನು ಆದಷ್ಟು ಕಮ್ಮಿ ಇಳಿಜಾರಿನಲ್ಲಿ ಹಾಕಿಸಿ. ಸಿದ್ದಾಪುರದ ಕಡೆಯವರಾದರೆ ನನಗೆ ಮೆಸೇಜ್ ಮಾಡಿ, ಬ್ಯಾಂಡ್ ಕಟ್ಟೋದು ಹೇಗೆ ಅಂತ ನಾನೇ ಬಂದು ತೋರಿಸ್ತೀನಿ.