ಗಡಿಯಾರ ಇದ್ದರೆ ಸಾಕು, ಮೀಟರ್ ಯಾಕೆ?

ಜರ್ಮನಿಯ ಮ್ಯೂನಿಕ್‌ಗೆ ಬಂದ ಮೊದಲ ತಿಂಗಳೇ ನನ್ನ ಮೇಲೆ ದೂರು ಬಂತು. ಭಾನುವಾರ ಬೆಳಿಗ್ಗೆ ಆರೂ ಮುಕ್ಕಾಲಿಗೆ ಕಾಯಿಚಟ್ನಿ ರುಬ್ಬಿದ್ದೇ ತಪ್ಪು. ಊರಿಂದ ಹೊತ್ತು ತಂದ ಮಿಕ್ಸಿ, ಅದರ ಆರ್ಭಟ ನಿಮಗೂ ಗೊತ್ತಲ್ಲ. ಸಂಜೆ ಬಾಗಿಲ ಸಂದಿಯಲ್ಲಿ ಒಂದು ಚೀಟಿ. ಬೈಗುಳ ಇರಲಿಲ್ಲ. ಮುದ್ದಾದ ಕೈಬರಹದಲ್ಲಿ ಮೂರೇ ಸಾಲು: ಇವತ್ತು 6.45ರಿಂದ 6.52ರ ತನಕ ಯಂತ್ರದ ಸದ್ದು ಕೇಳಿಸಿತು, ಇವತ್ತು ಭಾನುವಾರ, ದಯವಿಟ್ಟು ಗಮನಿಸಿ. ಅಯ್ಯೋ, ಗಡಿಯಾರ ಹಿಡಿದುಕೊಂಡೇ ಕೂತಿದ್ದರಾ ಅಂತ ನಗು ಬಂತು. ಸ್ವಲ್ಪ ಸಿಟ್ಟೂ ಬಂತು ಅನ್ನಿ.

ಎಷ್ಟು ಜೋರಾಗಿತ್ತು ಅಂತ ಮಾತ್ರ ಅವರು ಬರೆದಿರಲಿಲ್ಲ. ಯಾವಾಗ, ಎಂಥದ್ದು, ಎಷ್ಟು ಹೊತ್ತು, ಅಷ್ಟೇ.

ಇಲ್ಲಿನ ಕಾನೂನು ಕೂಡ ಹೆಚ್ಚುಕಡಿಮೆ ಹೀಗೇ ಯೋಚಿಸುತ್ತದೆ. ಒಂದು ಸದ್ದು ತೊಂದರೆಯೋ ಅಲ್ಲವೋ ಅನ್ನೋದಕ್ಕೆ ಅದರ ಬಗೆ, ಪ್ರಮಾಣ, ಅವಧಿ ಮೂರನ್ನೂ ನೋಡಬೇಕು ಅನ್ನುತ್ತದೆ. ಹುಲ್ಲು ಕತ್ತರಿಸೋ ಮಷೀನನ್ನು ಜನವಸತಿಯಲ್ಲಿ ರಾತ್ರಿ 8ರಿಂದ ಬೆಳಿಗ್ಗೆ 7ರ ತನಕ ಮುಟ್ಟುವ ಹಾಗಿಲ್ಲ, ಭಾನುವಾರ ಇಡೀ ದಿನ ಇಲ್ಲ. ಎಲೆ ಊದುವ ಯಂತ್ರದ್ದು ಇನ್ನೂ ಬಿಗಿ: ಬೆಳಿಗ್ಗೆ 9ರಿಂದ 1, ಮಧ್ಯಾಹ್ನ 3ರಿಂದ 5, ಅಷ್ಟರಲ್ಲಿ ಮಾತ್ರ ಓಡಿಸಬಹುದು. ಸದ್ದು ಎಷ್ಟು ಜೋರು ಅಂತ ಡೆಸಿಬಲ್ ಲೆಕ್ಕದಲ್ಲಿ ಅಳೆಯೋ ಕಡೆಯೂ ಒಂದು ಜಾಣತನ ಇದೆ. ಆ ಸದ್ದಿನಲ್ಲಿ ಮಾತು ಅಥವಾ ಸಂಗೀತ ಎದ್ದು ಕೇಳುತ್ತಿದ್ದರೆ ಅಳತೆಗೆ 3 ಅಥವಾ 6 ಡೆಸಿಬಲ್ ಸೇರಿಸುತ್ತಾರೆ. ಯಾಕೆಂದರೆ ಫ್ಯಾನಿನ ಗುಂಯ್ ಸದ್ದನ್ನು ಕಿವಿ ಮರೆತುಬಿಡುತ್ತದೆ, ಪಕ್ಕದ ಮನೆಯ ಹಾಡನ್ನು ಮರೆಯೋದಿಲ್ಲ.

ನಮ್ಮಲ್ಲಿ? 1987ರಲ್ಲಿ ವಾಯು ಮಾಲಿನ್ಯ ಕಾಯ್ದೆಗೆ ತಿದ್ದುಪಡಿ ಮಾಡಿ, ಗಾಳಿಯನ್ನು ಕೆಡಿಸುವ ವಸ್ತುಗಳ ಸಾಲಿಗೆ ಸದ್ದನ್ನೂ ಸೇರಿಸಿದರು. ಹೊಗೆಯ ಪಕ್ಕದಲ್ಲಿ ಸದ್ದು. ಹಾಗಾಗಿ ಹೊಗೆ ಅಳೆದ ಹಾಗೇ ಇದನ್ನೂ ಅಳೆಯೋ ಅಭ್ಯಾಸ ಬಂತು. ಕನ್ನಡದಲ್ಲಾದರೋ ಸಪ್ಪಳ ಬೇರೆ, ಸದ್ದು ಬೇರೆ, ಗದ್ದಲ ಬೇರೆ, ಗಲಾಟೆಯೇ ಬೇರೆ. ಪಾತ್ರೆ ಸಪ್ಪಳವನ್ನು ಯಾರಾದರೂ ಗಲಾಟೆ ಅಂತಾರಾ?

ತಮಾಷೆ ಏನಪ್ಪಾ ಅಂದರೆ, ಅಂಕಿಯಲ್ಲಿ ನಾವು ಯಾರಿಗೂ ಕಮ್ಮಿ ಇಲ್ಲ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ನಮ್ಮ ಜನವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್. ಇಲ್ಲಿ ಸಾಮಾನ್ಯ ವಸತಿ ಪ್ರದೇಶಕ್ಕೆ 55 ಮತ್ತು 40. ಹಗಲಿನ ಅಂಕಿ ಒಂದೇ! ಆದರೆ ಬೆಂಗಳೂರಿನ ನಮ್ಮ ಮನೆಯ ಕಿಟಕಿ ತೆಗೆದರೆ ಸಿಗೋ ಹಗಲಿಗೂ ಈ ಹಗಲಿಗೂ ಏನಾದರೂ ಸಂಬಂಧ ಇದೆಯಾ?

ಕಳೆದ ಸಲ ರಜಕ್ಕೆ ಹೋದಾಗ ಎದುರಿನ ಸೈಟಿನಲ್ಲಿ ಮೋಲ್ಡ್ ಹಾಕುತ್ತಿದ್ದರು. ರಾತ್ರಿ ಒಂದು ಗಂಟೆ. ಕಾಂಕ್ರೀಟ್ ಲಾರಿ ಸುತ್ತುತ್ತಾ ನಿಂತಿದೆ, ಮೇಲೆ ವೈಬ್ರೇಟರ್ ಕೊರೆಯುತ್ತಿದೆ, ಕಿಟಕಿ ಗಾಜು ಟರ್ ಅನ್ನುತ್ತಿದೆ. ಅಪ್ಪ ಪೊಲೀಸರಿಗೆ ಫೋನ್ ಮಾಡಿದರು. ಇಬ್ಬರು ಬಂದರು, ಪಾಪ ಒಳ್ಳೆಯವರೇ. "ಅಳೆಯೋಕೆ ನಮ್ಮ ಹತ್ರ ಮೀಟರ್ ಇಲ್ಲ ಸಾರ್, ಬೆಳಿಗ್ಗೆ ಬರೆದು ಕೊಡಿ" ಅಂದು ಹೊರಟರು. ಬೆಳಿಗ್ಗೆ ಬರೆದು ಕೊಡೋಕೆ ಏನಿರುತ್ತೆ, ಅಷ್ಟೊತ್ತಿಗೆ ಮೋಲ್ಡ್ ಮುಗಿದು ನೀರು ಕಟ್ಟಿರುತ್ತಾರೆ.

ನಿದ್ದೆ ಹೇಗೂ ಹಾಳಾಗಿತ್ತು, ಕೂತು ಆ 2000ದ ನಿಯಮ ಓದಿದೆ. ದೂರು ಕೊಡಬೇಕಾದರೆ ಸದ್ದು ಮಿತಿಗಿಂತ 10 ಡೆಸಿಬಲ್ ಜಾಸ್ತಿ ಇರಬೇಕಂತೆ. ಹತ್ತು ಅಂದರೆ ಕಿವಿಗೆ ಸುಮಾರು ಎರಡು ಪಟ್ಟು ಜೋರು. ಓದಿ ಮೈ ಉರಿಯಿತು. ಆದರೆ ಅದೇ ಸಾಲಿನಲ್ಲಿ ಒಂದು 'ಅಥವಾ' ಇದೆ: ರಾತ್ರಿಯ ನಿರ್ಬಂಧ ಮುರಿದಿದ್ದರೂ ದೂರು ಕೊಡಬಹುದು. ಆ ನಿರ್ಬಂಧ ಏನು ಅಂತ ಹುಡುಕಿದರೆ, 2010ರಲ್ಲಿ ಸೇರಿಸಿದ 5ಎ ನಿಯಮ ಸಿಕ್ಕಿತು. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಜನವಸತಿಯಲ್ಲಿ ಸದ್ದು ಮಾಡುವ ಕಟ್ಟಡ ಯಂತ್ರ ಓಡಿಸುವಂತಿಲ್ಲ. ಹಾರ್ನ್ ಕೂಡ ಹೊಡೆಯುವಂತಿಲ್ಲ. ಎಷ್ಟು ಡೆಸಿಬಲ್ ಅನ್ನೋ ಪ್ರಶ್ನೆಯೇ ಇಲ್ಲಿ ಇಲ್ಲ. ಬಂದಿದ್ದ ಪೊಲೀಸರ ಕೈಗೂ ವಾಚ್ ಇತ್ತು, ನಾನೇ ನೋಡಿದ್ದೆ.

ಹಾಗಂತ ಈ ಮ್ಯೂನಿಕ್ಕೇ ಸ್ವರ್ಗ ಅಂತ ಹೊಗಳೋಕೆ ಕೂತಿಲ್ಲ. ಮಕ್ಕಳು ಆಡುವ ಸದ್ದು ತೊಂದರೆ ಅಂತ ಶಿಶುವಿಹಾರಗಳ ಮೇಲೆ ಕೋರ್ಟಿಗೆ ಹೋದ ಜನ ಇದ್ದಾರೆ ಇಲ್ಲಿ. ಕೊನೆಗೆ 2011ರಲ್ಲಿ, ಆಟದ ಮೈದಾನದಲ್ಲಿ, ಶಿಶುವಿಹಾರದಲ್ಲಿ ಮಕ್ಕಳು ಮಾಡುವ ಸದ್ದು ಸಾಮಾನ್ಯವಾಗಿ ತೊಂದರೆ ಅಲ್ಲ, ಅದಕ್ಕೆ ಡೆಸಿಬಲ್ ಮಿತಿ ಹಚ್ಚಬೇಡಿ ಅಂತ ಕಾನೂನಿನಲ್ಲೇ ಬರೆಯಬೇಕಾಯಿತು. ನಮ್ಮ ಅಜ್ಜಿಗೆ ಇದನ್ನು ಹೇಳಿದರೆ ನಂಬುತ್ತಿರಲಿಲ್ಲ. ಭಾನುವಾರ ಮಧ್ಯಾಹ್ನದ ಇಲ್ಲಿನ ಮೌನ ನನಗೆ ಇವತ್ತಿಗೂ ಒಗ್ಗಿಲ್ಲ, ಖಾಲಿ ಬಾಟಲಿ ಕೂಡ ಡಬ್ಬಕ್ಕೆ ಎಸೆಯುವ ಹಾಗಿಲ್ಲ, ಯಾರೋ ಸತ್ತ ಮನೆ ಹಾಗಿರುತ್ತೆ.

ಆದರೆ ಇವರು ಜಗಳ ಆಡಿ ಒಂದು ತೀರ್ಮಾನಕ್ಕೆ ಬರುತ್ತಾರೆ, ಅದು ನನಗೆ ಇಷ್ಟ. 1995ರಲ್ಲಿ ಮ್ಯೂನಿಕ್ ಪಕ್ಕದ ಒಂದು ಬಿಯರ್ ತೋಟವನ್ನು (ಬಯಲಲ್ಲಿ ಮರದ ಕೆಳಗೆ ಕೂತು ಬಿಯರ್ ಕುಡಿಯೋ ಜಾಗ) ರಾತ್ರಿ ಒಂಬತ್ತೂವರೆಗೇ ಮುಚ್ಚಬೇಕು ಅಂತ ಅಕ್ಕಪಕ್ಕದವರ ದೂರಿನ ಮೇಲೆ ಆದೇಶ ಆಯಿತು. ಸಾವಿರಾರು ಜನ ಬೀದಿಗಿಳಿದರು. ಗದ್ದಲ ಮಾಡುವ ಹಕ್ಕಿಗಾಗಿ ಮೆರವಣಿಗೆ! 1999ರಲ್ಲಿ ಮ್ಯೂನಿಕ್ ಇರುವ ಬವೇರಿಯಾ ರಾಜ್ಯ ಒಂದು ನಿಯಮ ತಂದಿತು: ಸಂಗೀತ 10ಕ್ಕೆ ನಿಲ್ಲಬೇಕು, ಬಿಯರ್ ಕೊಡೋದು ಹತ್ತೂವರೆಗೆ ನಿಲ್ಲಬೇಕು, 11ಕ್ಕೆ ಎಲ್ಲರೂ ಮನೆಗೆ. ಇದನ್ನು ಪಾಲಿಸೋಕೆ ಯಾವ ಎಂಜಿನಿಯರೂ ಬೇಕಿಲ್ಲ. ನಮ್ಮಲ್ಲೂ ಹಬ್ಬಕ್ಕೆ ವರ್ಷದಲ್ಲಿ 15 ದಿನದ ತನಕ ಮಧ್ಯರಾತ್ರಿವರೆಗೆ ಧ್ವನಿವರ್ಧಕಕ್ಕೆ ರಾಜ್ಯ ಸರ್ಕಾರ ಅನುಮತಿ ಕೊಡಬಹುದು. ಗಣೇಶ, ರಾಜ್ಯೋತ್ಸವ, ಊರ ಜಾತ್ರೆ ಎಲ್ಲಾ ಆಗಲಿ, ನನಗೆ ಖುಷಿಯೇ. ಆ 15 ದಿನ ಯಾವುವು ಅಂತ ಬೀದಿಯವರಿಗೆ ಮೊದಲೇ ಗೊತ್ತಾಗಬೇಕು, ಹನ್ನೆರಡು ಅಂದರೆ ಹನ್ನೆರಡೇ ಆಗಬೇಕು.

ಸದ್ದಿನ ಬಗೆಯ ಮಾತು ಬಂದಾಗ ತರಕಾರಿ ಗಾಡಿ ನೆನಪಾಗುತ್ತದೆ. ಮೊದಲೆಲ್ಲ ಸೊಪ್ಪಿನವಳು "ಸೊಪ್ಪೋ" ಅಂತ ರಾಗ ಎಳೆದು ಕೂಗುತ್ತಿದ್ದಳು. ಮನೆ ದಾಟಿದ ಮೇಲೆ ಸುಮ್ಮನಾಗುತ್ತಿದ್ದಳು, ಗಂಟಲು ಸೋಲಬೇಕಲ್ಲ. ಈಗ ಗಾಡಿಗೆ ಒಂದು ಸ್ಪೀಕರ್, ರೆಕಾರ್ಡ್ ಮಾಡಿದ ಧ್ವನಿ, ಗಾಡಿ ಅರ್ಧ ಗಂಟೆ ನಿಂತರೂ ಅದೇ ಸಾಲು ಸುತ್ತುತ್ತಲೇ ಇರುತ್ತದೆ. ಸ್ಪೀಕರಿಗೆ ಸುಸ್ತಾಗೋದಿಲ್ಲ. ನ್ಯೂಯಾರ್ಕಿನಲ್ಲಿ ಐಸ್‌ಕ್ರೀಂ ಗಾಡಿಗೆ ಒಂದು ಸರಳ ನಿಯಮ ಇದೆ: ಗಾಡಿ ಚಲಿಸುವಾಗ ಟ್ಯೂನ್ ಹಾಕು, ನಿಂತಾಗ ಆರಿಸು. ವ್ಯಾಪಾರವೂ ನಡೆಯುತ್ತೆ, ಕಿವಿಯೂ ಉಳಿಯುತ್ತೆ. ಜಯನಗರದಲ್ಲೋ ಗಿರಿನಗರದಲ್ಲೋ ಇದನ್ನು ಮಾಡೋಕೆ ಎಷ್ಟು ಖರ್ಚಾಗುತ್ತೆ ಹೇಳಿ?

ನಾನು ಈಗ ಚಟ್ನಿಯನ್ನು ಶನಿವಾರ ಸಂಜೆಯೇ ರುಬ್ಬಿಡುತ್ತೇನೆ. ರುಚಿ ಸ್ವಲ್ಪ ಇಳಿಯುತ್ತೆ, ಸತ್ಯ.

ವಾಪಸ್ ಬರುವ ಮುಂಚೆ 5ಎ ನಿಯಮವನ್ನು ಕನ್ನಡದಲ್ಲಿ ಬರೆದು ಅಪ್ಪನಿಗೆ ಕೊಟ್ಟು ಬಂದಿದ್ದೆ. ಹೋದ ವಾರ ಫೋನಿನಲ್ಲಿ ಹೇಳಿದರು, ಎರಡನೇ ಅಂತಸ್ತಿನ ಮೋಲ್ಡ್ ದಿನ ಕೆಳಗಿಳಿದು ಹೋಗಿ ಮೇಸ್ತ್ರಿಗೆ ಓದಿ ತೋರಿಸಿದರಂತೆ. ಅವನು ಮರ್ಯಾದೆಯಿಂದ ಪೂರ್ತಿ ಕೇಳಿಸಿಕೊಂಡನಂತೆ. ಆಮೇಲೆ "ನಮಗೇನು ಆಸೆನಾ ಸಾರ್ ರಾತ್ರಿ ಕೆಲಸ ಮಾಡೋಕೆ? ಹಗಲು ಲಾರಿನ ಊರೊಳಗೆ ಬಿಡಲ್ವಲ್ಲ" ಅಂದನಂತೆ.