ಕಾರ್ಬಿಯ ಧೂಳು, ನಮ್ಮ ಗೇರುಗುಡ್ಡೆ

ಎಂಡೋಸಲ್ಫಾನ್ ಎಂಬ ಕೀಟನಾಶಕದ ಬಗ್ಗೆ ಯಾರಾದರೂ ಸೀರಿಯಲ್ಲೋ ವೆಬ್ ಸೀರೀಸೋ ಮಾಡುವುದಿದ್ದರೆ ದಯವಿಟ್ಟು ಮೊದಲು ‘ಟಾಕ್ಸಿಕ್ ಟೌನ್’ ನೋಡಿ. 2025ರ ಫೆಬ್ರವರಿಯಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದದ್ದು, ನಾಲ್ಕೇ ಕಂತು. ನಾನು ನೋಡಿದ್ದು ತಡವಾಗಿ. ನೋಡಿದ ಮೇಲೆ ತಲೆಯೊಳಗೆ ಕೊರೆಯುತ್ತಿರುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಪುರುಸೊತ್ತಿದ್ದವರು ಓದಿ.

ಕಥೆ ಇಂಗ್ಲೆಂಡಿನ ಕಾರ್ಬಿ ಎಂಬ ಊರಿನದ್ದು. ಅಲ್ಲಿ ದೊಡ್ಡ ಉಕ್ಕಿನ ಕಾರ್ಖಾನೆ ಇತ್ತು. 1980ರ ಹೊತ್ತಿಗೆ ಅಲ್ಲಿ ಉಕ್ಕು ಕರಗಿಸುವುದು ನಿಂತಿತು. ಆ ಜಾಗವನ್ನು ಸ್ವಚ್ಛ ಮಾಡಿ ಬೇರೆ ಉದ್ಯಮ ತರುತ್ತೇವೆ ಅಂತ ಊರಿನ ಕೌನ್ಸಿಲ್, ನಮ್ಮ ಲೆಕ್ಕದಲ್ಲಿ ನಗರಸಭೆ ಅನ್ನಿ, ಕೆಲಸಕ್ಕೆ ಇಳಿಯಿತು. ವಿಷದ ಕೆಸರು ತುಂಬಿದ ಲಾರಿಗಳು ಟಾರ್ಪಾಲು ಕೂಡ ಹೊದಿಸದೆ ವರ್ಷಗಟ್ಟಲೆ ಊರಿನ ರಸ್ತೆಗಳಲ್ಲಿ ಓಡಾಡಿದವು. ಚೆಲ್ಲಿದ ಕೆಸರು ಒಣಗಿ ಧೂಳಾಗಿ ಎದ್ದಿತು. ಆಗ ಬಸುರಿಯರಾಗಿದ್ದ ಕೆಲವರಿಗೆ ಬೆರಳಿಲ್ಲದ, ಕೈ ಪಾದ ಸರಿಯಾಗಿ ಬೆಳೆಯದ ಮಕ್ಕಳು ಹುಟ್ಟಿದರು. ಒಬ್ಬರಿಗೊಬ್ಬರು ಗುರುತಿಲ್ಲದ ತಾಯಂದಿರು ಕೊನೆಗೆ ಒಟ್ಟಾದರು, ವಕೀಲರು ಸಿಕ್ಕಿದರು, 18 ಮಂದಿಯ ಪರವಾಗಿ ಕೇಸು ನಡೆಯಿತು. 2009ರ ಜುಲೈಯಲ್ಲಿ ಲಂಡನ್ನಿನ ಹೈಕೋರ್ಟು, ಕೌನ್ಸಿಲ್ ಆ ಜಾಗದ ಕೆಲಸದಲ್ಲಿ ವರ್ಷಗಟ್ಟಲೆ ನಿರ್ಲಕ್ಷ್ಯ ಮಾಡಿದೆ, ಮಕ್ಕಳಿಗೆ ಹೀಗಾಗಲು ಆ ವಿಷ ಕಾರಣವಾಗಿರಬಲ್ಲದು ಎಂದು ಬರೆಯಿತು. ಇಬ್ಬರು ಕಿರಿಯರ ವಿಷಯದಲ್ಲಿ ಮಾತ್ರ ಒಪ್ಪಲಿಲ್ಲ. ಅಪೀಲು ಹೋಗುತ್ತೇವೆ ಎಂದ ಕೌನ್ಸಿಲ್ 2010ರಲ್ಲಿ ರಾಜಿಗೆ ಬಂದು ಹಣ ಕೊಟ್ಟಿತು, ಕ್ಷಮೆಯನ್ನೂ ಕೇಳಿತು.

ಕಾಸರಗೋಡಿನ ಪೆರ್ಲದಲ್ಲಿ ಕೂತವನಿಗೆ ಇದು ಯಾಕೆ ಅಂತ ನಮ್ಮ ಕಡೆಯವರು ಕೇಳಲಿಕ್ಕಿಲ್ಲ. ಬೆಂಗಳೂರು ಕಡೆಯ ಗೆಳೆಯರಿಗಾಗಿ ಸ್ವಲ್ಪ ಹೇಳುತ್ತೇನೆ. ಕಾಸರಗೋಡು ಜಿಲ್ಲೆಯಲ್ಲಿ ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳು ಸಾವಿರಾರು ಹೆಕ್ಟೇರು ಉಂಟು. ಗೇರುಹೂವಿನ ರಸ ಹೀರುವ ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲಿಕ್ಕೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸುರಿದರು. ಮರದ ತುದಿಗಿಂತ ಎರಡು ಮೂರು ಮೀಟರ್ ಮೇಲಿನಿಂದ ಸಿಂಪಡಿಸಬೇಕೆಂದು ನಿಯಮ. ನಮ್ಮ ಎಣ್ಮಕಜೆ ಪಂಚಾಯತಿನ ಗುಡ್ಡ, ಕಣಿವೆ, ಕರೆಂಟು ತಂತಿ ನೋಡಿದವರಿಗೆ ಆ ನಿಯಮ ಪಾಲಿಸಲು ಆಗುತ್ತದೋ ಇಲ್ಲವೋ ಗೊತ್ತಾಗುತ್ತದೆ. ಬಾವಿ ಮುಚ್ಚಿಡಿ ಅಂತ ಮೊದಲೇ ಹೇಳುತ್ತಿದ್ದರಂತೆ. ನಮ್ಮದು ಸುರಂಗದ ನೀರಿನ ಊರು ಮಾರಾಯ್ರೆ. ಗುಡ್ಡೆಯ ಹೊಟ್ಟೆಯಿಂದ ಹರಿದು ಬಂದು ತೆರೆದ ಕೆರೆಗೆ ಬೀಳುವ ನೀರನ್ನು ಯಾವ ತಟ್ಟಿ ಇಟ್ಟು ಮುಚ್ಚುವುದು? ಕೈಕಾಲು ಸೊಟ್ಟಗಿದ್ದ ಕರುಗಳು ಹುಟ್ಟುವುದನ್ನು 80ರ ಆಸುಪಾಸಿನಲ್ಲೇ ಬರೆದವರು ಪತ್ರಕರ್ತ ಶ್ರೀಪಡ್ರೆ. ಮನುಷ್ಯರ ಕಾಯಿಲೆಗಳಲ್ಲಿ ಏನೋ ಲೆಕ್ಕ ತಪ್ಪುತ್ತಿದೆ ಎಂದು ಗಮನಿಸಿದವರು ವಾಣಿನಗರದ ವೈದ್ಯ ಡಾ. ವೈ. ಎಸ್. ಮೋಹನಕುಮಾರ್. ಇಬ್ಬರೂ ಇಲ್ಲಿಯವರೇ, ಕನ್ನಡದವರೇ.

ಸರಿ, ‘ಟಾಕ್ಸಿಕ್ ಟೌನ್’ ಯಾಕೆ ನೋಡಬೇಕು? ಅದರಲ್ಲಿ ತಾಯಂದಿರು ‘ಪಾಪ’ ಅಲ್ಲ. ಜೋಡಿ ವಿಟ್ಟೇಕರ್ ಮಾಡಿದ ಪಾತ್ರ ನೋಡಿ, ಬಾಯಿ ಜೋರು, ನಗುವೂ ಜೋರು, ಸಿಟ್ಟು ಬಂದರೆ ಎದುರಿದ್ದವರ ಗತಿ ಮುಗಿಯಿತು. ಅವಳಿಗೆ ಮಗನ ಕೈಯ ಆಚೆಗೂ ಒಂದು ಬದುಕು ಉಂಟು. ಕ್ಯಾಮೆರಾ ಮಗುವಿನ ಕೈಗೆ ಹೋಗಿ ಅಂಟಿಕೊಳ್ಳುವುದಿಲ್ಲ.

ನಮ್ಮಲ್ಲಿ ಆದದ್ದು ಪೂರಾ ತಿರುಗಾಮುರುಗಾ. ಕ್ಯಾಮೆರಾ ಹಿಡಿದು ಬಂದವರೆಲ್ಲ ತಲೆ ದೊಡ್ಡದಾದ ಮಗು ಎಲ್ಲಿದೆ ಅಂತಲೇ ಕೇಳಿದರು. ಚಾಪೆಯ ಮೇಲೆ ಮಲಗಿದ ಮಗು, ಪಕ್ಕದಲ್ಲಿ ತಲೆಗೆ ಕೈಹೊತ್ತ ಅಮ್ಮ. ಆ ಫೋಟೋಗಳಿಂದ ಉಪಕಾರ ಆಗಲಿಲ್ಲ ಅಂತ ಹೇಳಲಾರೆ. 2011ರ ಏಪ್ರಿಲಿನಲ್ಲಿ ಜಿನೀವಾದಲ್ಲಿ ಜಗತ್ತಿನ ದೇಶಗಳು ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಹಾಕಿದ್ದರ ಹಿಂದೆ ಅವುಗಳ ಪಾಲು ಇದ್ದೇ ಇತ್ತು. ಆದರೆ ಅದೇ ಚಿತ್ರ ನೋಡಿ ನೋಡಿ ಊರಿನ ಹೆಸರು ಹೇಳಿದರೆ ಸಾಕು, ಜನ ಚ್ಚು ಚ್ಚು ಅನ್ನುವ ಹಾಗಾಯಿತು. ಚ್ಚು ಚ್ಚು ಅಂದವರು ಯಾರೂ ಮುಂದೆ ಒಂದು ಪ್ರಶ್ನೆ ಕೇಳಲಿಲ್ಲ: ಕೋರ್ಟಿನಲ್ಲಿ ಎಂತ ಆಯ್ತು?

ನನ್ನ ತಕರಾರು ಇರುವುದೇ ಇಲ್ಲಿ. ನಮ್ಮದು ಕಣ್ಣೀರಿನ ಕಥೆ ಅಲ್ಲ, ಕೇಸಿನ ಕಥೆ. ಸೀರಿಯಲ್ ಮಾಡುವವರು ಕಾಸರಗೋಡು ಜಿಲ್ಲೆಯದ್ದೇ ಆದ ಹೊಸದುರ್ಗದ ಮುನ್ಸಿಫ್ ಕೋರ್ಟಿನಿಂದ ಶುರು ಮಾಡಲಿ. 1998ರಲ್ಲಿ ಅಲ್ಲಿಗೆ ಹೋದವರು ಪೆರಿಯದ ಲೀಲಾಕುಮಾರಿ ಅಮ್ಮ. ಕೃಷಿ ಇಲಾಖೆಯಲ್ಲೇ ಕೆಲಸಕ್ಕಿದ್ದವರು! ಸರ್ಕಾರದ ಸಂಬಳ ತೆಗೆದುಕೊಳ್ಳುತ್ತಾ ಸರ್ಕಾರದ ಕಾರ್ಪೊರೇಶನ್ನಿನ ಮೇಲೆ ಕೇಸು ಹಾಕುವುದೆಂದರೆ ತಮಾಷೆಯಾ? ಆಕಾಶದಿಂದ ವಿಷ ಸುರಿಯುವುದಕ್ಕೆ ತಡೆ ಬಂದದ್ದು ಆ ಸಣ್ಣ ಕೋರ್ಟಿನಿಂದ. ಅಷ್ಟು ಹೊತ್ತಿಗೆ ದೆಹಲಿ, ತಿರುವನಂತಪುರಗಳು ಇನ್ನೂ ಕಣ್ಣುಜ್ಜುತ್ತಿದ್ದವು.

ಆಮೇಲೆ ಬಂದದ್ದು ಸಮಿತಿಗಳ ಕಾಲ. ಒಂದು ಸಮಿತಿ ಹೌದು ಅಂದರೆ ಇನ್ನೊಂದು ಅಲ್ಲ ಅಂತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಇಲ್ಲಿಯ ಪಡ್ರೆ ಗ್ರಾಮಕ್ಕೆ ಬಂದು ಮಕ್ಕಳ ರಕ್ತ ಪರೀಕ್ಷೆ ಮಾಡಿ ಎಂಡೋಸಲ್ಫಾನ್ ಕಡೆಗೆ ಬೆರಳು ತೋರಿಸಿದರು. ಅದನ್ನು ಒಪ್ಪದವರೂ ಇದ್ದರು, ಈಗಲೂ ಇದ್ದಾರೆ. ನಾನು ವಿಜ್ಞಾನಿ ಅಲ್ಲ. ಊರಿನ ಎಲ್ಲ ಕಾಯಿಲೆಗೂ ಅದೇ ಕಾರಣ ಅಂತ ನಾನೂ ಹೇಳುವುದಿಲ್ಲ, ಹಾಗೆ ಹೇಳುವವರಿಂದ ನಮಗೇ ನಷ್ಟ. ಆದರೆ ಕಾರ್ಬಿಯಲ್ಲಿ ಇದೇ ಜಗಳವನ್ನು ಕೋರ್ಟಿನೊಳಗೆ ಕೂತು ಆಡಿದರು. ಎರಡೂ ಕಡೆಯ ತಜ್ಞರನ್ನು ಕಟಕಟೆಗೆ ಹತ್ತಿಸಿ, ಪಾಟಿಸವಾಲು ಮಾಡಿ, ಯಾವ ವರ್ಷ ಯಾವ ಮಣ್ಣು ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಕಾಗದ ಬಿಚ್ಚಿಸಿದರು. ನಮ್ಮಲ್ಲಿ ಅಂಥ ಒಂದು ಪೂರ್ತಿ ವಿಚಾರಣೆ ಆಗಲೇ ಇಲ್ಲ. ಜಗಳ ಪತ್ರಿಕೆಗಳಲ್ಲಿ ಆಯಿತು, ಟಿವಿಯಲ್ಲಿ ಆಯಿತು, ಇಲ್ಲಿ ಫೇಸ್‌ಬುಕ್ಕಿನಲ್ಲೂ ಆಗುತ್ತಾ ಉಂಟು.

ಸುಪ್ರೀಂ ಕೋರ್ಟಿನಿಂದ ನಮಗೆ ಸಿಕ್ಕಿದ್ದು ದೊಡ್ಡದೇ. ಸಿಪಿಎಂನ ಯುವ ಸಂಘಟನೆ ಡಿವೈಎಫ್‌ಐ ಹಾಕಿದ ಅರ್ಜಿಯ ಮೇಲೆ 2011ರ ಮೇ 13ರಂದು ದೇಶಕ್ಕೆಲ್ಲ ಅನ್ವಯಿಸುವ ತಡೆಯಾಜ್ಞೆ ಬಂತು. 2017ರ ಜನವರಿ 10ರಂದು, ಬಾಧಿತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಿ, ಬೇಕಿದ್ದರೆ ಆ ಹಣವನ್ನು ಕಂಪನಿಗಳಿಂದ ವಸೂಲಿ ಮಾಡಿಕೊಳ್ಳಿ ಎಂದು ಕೇರಳ ಸರ್ಕಾರಕ್ಕೆ ಆದೇಶ ಆಯಿತು. ಸೀರಿಯಲ್ ಆಗಿದ್ದರೆ ಇಲ್ಲಿಗೆ ಮುಗಿಸಿ, ಹಿನ್ನೆಲೆಗೆ ಪಿಟೀಲು ಹಾಕಿ, ಅಕ್ಷರ ಮೇಲೇರಿಸುತ್ತಿದ್ದರು. ಮೂರು ತಿಂಗಳು ಹೋಯಿತು, ಐದು ವರ್ಷವೂ ಹೋಯಿತು. 2022ರ ಮೇಯಲ್ಲಿ ನ್ಯಾಯಾಂಗ ನಿಂದನೆಯ ಅರ್ಜಿ ವಿಚಾರಣೆಗೆ ಬಂದಾಗ ಕೋರ್ಟಿನ ಮುಂದೆ ಬಂದ ಲೆಕ್ಕ ಇದು: ಪಟ್ಟಿಯಲ್ಲಿ 3,704 ಮಂದಿ, 5 ಲಕ್ಷ ಸಿಕ್ಕಿದ್ದು 8 ಮಂದಿಗೆ. ಆ ಎಂಟು ಮಂದಿ ಯಾರು? ನಿಂದನೆ ಅರ್ಜಿ ಹಾಕಿದವರೇ! ಕೋರ್ಟಿಗೆ ಸಿಟ್ಟು ಬಂತು, ಆ ಮೇಲೆ ಹಣ ಬಿಡುಗಡೆ ಆಯಿತು, ಹೆಚ್ಚಿನವರಿಗೆ ಸಿಕ್ಕಿತು ಅನ್ನುವುದನ್ನೂ ಹೇಳಬೇಕು.

ಹಣ ಬಂತು, ಸರಿ. ಈ ಗುಡ್ಡೆಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿಯಬಹುದು ಎಂದು ತೀರ್ಮಾನ ಮಾಡಿದವರು ಯಾರು, ವರ್ಷ ವರ್ಷ ಯಾರು ಸಹಿ ಹಾಕಿದರು, ಕರುಗಳ ಸುದ್ದಿ ಬಂದ ಮೇಲೂ ನಿಲ್ಲಿಸದೆ ಇದ್ದವರು ಯಾರು ಅಂತ ಯಾವ ತೀರ್ಪಿನಲ್ಲಿ ಬರೆದಿದೆ? ಪರಿಹಾರ ಎಂದರೆ ಸರ್ಕಾರ ಕೊಡುವ ಸಹಾಯಧನದ ಹಾಗೆ ಆಗಿಹೋಯಿತು. ತಪ್ಪು ಮಾಡಿದವರು ಕೊಟ್ಟದ್ದಕ್ಕೂ ದೊಡ್ಡ ಮನಸ್ಸು ಮಾಡಿ ಕೊಟ್ಟದ್ದಕ್ಕೂ ವ್ಯತ್ಯಾಸ ಇಲ್ಲವಾ?

ನಾನು ಅಕ್ಷಯ ಸೆಂಟರಿನಲ್ಲಿ, ಅಂದರೆ ಸರ್ಕಾರಿ ಅರ್ಜಿ ತುಂಬಿಸಿಕೊಡುವ ಕೇಂದ್ರದಲ್ಲಿ, ಕೆಲಸ ಮಾಡುವವನು. ಅರ್ಜಿ ತುಂಬಿಸಲಿಕ್ಕೆ ನಮ್ಮಲ್ಲಿಗೆ ಒಬ್ಬರು ಅಕ್ಕ ಬರುತ್ತಾರೆ. ಕೈಯಲ್ಲಿ ಜವಳಿ ಅಂಗಡಿಯ ದಪ್ಪ ತೊಟ್ಟೆ. ಅದರೊಳಗೆ ರೇಷನ್ ಕಾರ್ಡಿನ ಜೆರಾಕ್ಸು, ಮೆಡಿಕಲ್ ಕ್ಯಾಂಪಿನ ಚೀಟಿ, ಅಂಗವೈಕಲ್ಯದ ಸರ್ಟಿಫಿಕೇಟು, ಮಂಗಳೂರಿನ ಆಸ್ಪತ್ರೆಯ ಹಳೇ ಓಪಿ ಚೀಟಿಗಳು, ಪಾಸ್‌ಬುಕ್ಕು. ಅಕ್ಕನಿಗೆ ಮಲಯಾಳ ಓದಲಿಕ್ಕೆ ಬರುವುದಿಲ್ಲ, ಆದರೆ ಯಾವ ಕಾಗದದಲ್ಲಿ ಎಷ್ಟನೇ ಸಾಲಿನಲ್ಲಿ ನಂಬರು ಉಂಟು ಅಂತ ಬೆರಳಿಟ್ಟು ತೋರಿಸುತ್ತಾರೆ. ಒಮ್ಮೆ ಒಂದು ಆಫೀಸಿನಲ್ಲಿ ಮಗನ ಹಳೇ ದಾಖಲೆ ಸಿಕ್ಕುವುದಿಲ್ಲ ಅಂದರಂತೆ. “ನಿಮ್ಮಲ್ಲಿ ಇಲ್ಲದಿದ್ದರೆ ನನ್ನಲ್ಲಿ ಉಂಟು, ಜೆರಾಕ್ಸಿಗೆ ಎರಡು ರೂಪಾಯಿ ಕೊಡಿ” ಅಂತ ಹೇಳಿ ಬಂದರಂತೆ. ಇದನ್ನು ನನಗೆ ಹೇಳುವಾಗ ಅವರಿಗೇ ನಗು ತಡೆಯಲಿಲ್ಲ. ಮಗನ ಆಧಾರ್ ಹೊಸದು ಮಾಡಿಸುವಾಗ ಅವನು ಕಣ್ಣು ಒಂದೇ ಕಡೆ ನಿಲ್ಲಿಸುವುದಿಲ್ಲ, ಮಿಷನ್ನು ಮತ್ತೆ ಮತ್ತೆ ತಿರಸ್ಕರಿಸುತ್ತದೆ. “ಬೈಬೇಡಿ ಅಣ್ಣ, ನೀವು ಬೈದರೆ ಅವ ಇನ್ನೂ ಹೆಚ್ಚು ತಿರುಗಿಸ್ತಾನೆ” ಅಂತ ನನಗೇ ಬುದ್ಧಿ ಹೇಳಿದರು. ಕೊನೆಗೆ ಮೊಬೈಲಿನಲ್ಲಿ ಯಕ್ಷಗಾನದ ಚೆಂಡೆ ಹಾಕಿದರು, ಅವನು ಅದನ್ನೇ ನೋಡುತ್ತಾ ನಿಂತ, ಫೋಟೋ ಬಿತ್ತು.

ಈ ಅಕ್ಕನ ಪಾತ್ರ ಬರೆಯುವ ಧೈರ್ಯ ಇದ್ದವರು ಸೀರಿಯಲ್ ಮಾಡಲಿ. ಭಾಷೆಯದ್ದೂ ಒಂದು ಮಾತು. ನಮ್ಮಲ್ಲಿ ಒಂದೇ ಜಗಲಿಯಲ್ಲಿ ಕನ್ನಡ, ತುಳು, ಮಲಯಾಳ, ಮರಾಠಿ ಎಲ್ಲ ನಡೆಯುತ್ತದೆ. ಎಲ್ಲರ ಬಾಯಿಗೂ ‘ಎಂತ ಮಾರಾಯ’ ತುರುಕಿ ಕರಾವಳಿ ಮಾಡಿದೆವು ಅಂದುಕೊಳ್ಳಬೇಡಿ. ಆ ಜೋಕು ಹಳತಾಯಿತು.

ಇನ್ನೊಂದು, ಗಡಿಯ ಆಚೆಯದ್ದನ್ನು ಬಿಡಬೇಡಿ. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆ ಕಡೆಯೂ ಕರ್ನಾಟಕದ ಗೇರು ನಿಗಮದವರು ಇದೇ ವಿಷ ಸುರಿದಿದ್ದಾರೆ. ಅಲ್ಲಿಯವರಿಗೆ ಕರ್ನಾಟಕದಿಂದ ತಿಂಗಳ ಮಾಸಾಶನ, ಇಲ್ಲಿಯವರಿಗೆ ಕೇರಳದ ಪಟ್ಟಿ. ಕೇರಳದ ಪಟ್ಟಿಗೆ ಎಣ್ಮಕಜೆ, ಬೆಳ್ಳೂರು, ಕುಂಬಡಾಜೆ, ಬದಿಯಡ್ಕ ಸೇರಿ 11 ಪಂಚಾಯತು ಲೆಕ್ಕ. ಪಡ್ರೆಯಲ್ಲಿ ಹುಟ್ಟಿ ಬೆಳೆದ ಹೆಣ್ಣು ಪುತ್ತೂರು ಕಡೆಗೆ ಮದುವೆಯಾಗಿ ಹೋಗಿ, ಅಲ್ಲಿ ಅವಳ ಮಗುವಿಗೆ ಏನಾದರೂ ಆದರೆ ಅದು ಯಾರ ಪಟ್ಟಿ? ಇದನ್ನು ಕೋರ್ಟಿನಲ್ಲಿ ಗಟ್ಟಿಯಾಗಿ ಕೇಳಬೇಕಾದ ಪ್ರಶ್ನೆ ಅಂತ ನನಗೆ ಕಾಣುತ್ತದೆ. ಕಾನೂನು ತಿಳಿದವರು ಕಮೆಂಟಿನಲ್ಲಿ ಹೇಳಿ.

‘ಟಾಕ್ಸಿಕ್ ಟೌನ್’ನಲ್ಲಿ ಎಲ್ಲವೂ ನನಗೆ ಹಿಡಿಸಿತು ಅಂತಲ್ಲ. ನಾಲ್ಕು ಕಂತಿನಲ್ಲಿ ಅಷ್ಟೊಂದು ವರ್ಷ ತುಂಬಿಸುವಾಗ ಕೋರ್ಟಿನ ಭಾಗ ತೆಳ್ಳಗಾಗಿದೆ, ತೀರ್ಪಿನ ಕಡೆಗೆ ಓಡಿದ ಹಾಗೆ ಕಾಣುತ್ತದೆ. ನಮ್ಮ ಸೀರಿಯಲ್ಲಿಗೆ ಆ ಅವಸರ ಬೇಡ. ನಾಲ್ಕಲ್ಲ, ಹದಿನಾಲ್ಕು ಕಂತಿಗೆ ಸಾಕಾಗುವಷ್ಟು ಕಾಗದ ಆ ಅಕ್ಕನ ತೊಟ್ಟೆಯೊಂದರಲ್ಲೇ ಉಂಟು. ಬರುವವರು ಬನ್ನಿ, ಜೆರಾಕ್ಸು ನಾನೇ ಮಾಡಿಕೊಡುತ್ತೇನೆ. ಅಕ್ಕನ ಹತ್ತಿರ ಮಾತ್ರ ಮೊದಲೇ ಕೇಳಿಕೊಂಡು ಬನ್ನಿ. ಮಗನ ಫೋಟೋ ತೆಗೆಯಲಿಕ್ಕೆ ಅವರು ಈಗ ಯಾರನ್ನೂ ಬಿಡುವುದಿಲ್ಲ.