ಗಟ್ಟಿ ಹಾಸಿಗೆಯೇ ಮದ್ದು ಅಂದವರು ಯಾರು?

ಬೆನ್ನುನೋವು ಅಂತ ಊರಿಗೆ ಫೋನಿನಲ್ಲಿ ಹೇಳಿ ನೋಡಿ, "ನೆಲದ ಮೇಲೆ ಚಾಪೆ ಹಾಕ್ಕೊಂಡು ಮಲಗು" ಅನ್ನುತ್ತಾರೆ. ನಾನಿರುವ ಈ ಹೊರನಾಡಿನಲ್ಲಿ ಅದೇ ಮಾತು ಪಕ್ಕದ ಮನೆಯವರ ಕಿವಿಗೆ ಬಿದ್ದರೆ, ದಪ್ಪನೆ ಮೆತ್ತನೆ ಹಾಸಿಗೆ ತಗೊಳ್ಳಿ ಅನ್ನುತ್ತಾರೆ. ಇಬ್ಬರಿಗೂ ತಮ್ಮ ಮಾತಿನ ಮೇಲೆ ಭಾರಿ ನಂಬಿಕೆ.

2003ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಸ್ಪೇನ್‌ನ ಒಂದು ಅಧ್ಯಯನ ಬಂದಿತ್ತು. ಬಹಳ ಕಾಲದಿಂದ ಸೊಂಟನೋವಿದ್ದ 313 ಜನರಲ್ಲಿ ಕೆಲವರಿಗೆ ಗಟ್ಟಿ ಹಾಸಿಗೆ, ಉಳಿದವರಿಗೆ ಮಧ್ಯಮ ಗಟ್ಟಿಯದು ಕೊಟ್ಟು 90 ದಿನ ಗಮನಿಸಿದರು. ಜಾಸ್ತಿ ಆರಾಮ ಸಿಕ್ಕಿದ್ದು ಮಧ್ಯಮದವರಿಗೆ. ಪಕ್ಕಕ್ಕೆ ತಿರುಗಿ ಮಲಗಿದಾಗ ಭುಜ, ಪೃಷ್ಠ ಸ್ವಲ್ಪ ಒಳಗಿಳಿಯಬೇಕು, ಸೊಂಟಕ್ಕೆ ಕೆಳಗಿನಿಂದ ಆಸರೆ ಸಿಗಬೇಕು. ನೆಲದ ಮೇಲೆ ಸೊಂಟ ಆಸರೆಯಿಲ್ಲದೆ ಉಳಿಯುತ್ತದೆ. ತೀರಾ ಮೆತ್ತಗಿದ್ದರೆ ಪೃಷ್ಠ ಹೂತುಹೋಗಿ ಬೆನ್ನು ಬಾಗುತ್ತದೆ. ಸಣಕಲು ಮೈಯವರಿಗೆ ಗಟ್ಟಿ ಅನಿಸುವ ಹಾಸಿಗೆ ದಪ್ಪ ಮೈಯವರಿಗೆ ಮೆತ್ತಗೆ ಅನಿಸಬಹುದು. ಹಾಗಾಗಿ ಗೆಳೆಯರ ಶಿಫಾರಸು ಕೇಳಿ ಕೊಳ್ಳುವ ವಸ್ತು ಇದಲ್ಲ.

ಅಂಗಡಿಯಲ್ಲಿ ನಮ್ಮವರ ರೀತಿ ಗೊತ್ತಲ್ಲ? ಅಂಗೈಯಿಂದ ಒತ್ತಿ, ಮೂಲೆಯಲ್ಲಿ ಕೂತು ಎದ್ದು, ಸೀದಾ ರೇಟಿಗೆ ಇಳಿಯುವುದು. ನಾಲ್ಕು ಜನರ ಮುಂದೆ ಮಲಗಲು ಸಂಕೋಚ. ಇಲ್ಲಿಯವರು ಗಂಡ ಹೆಂಡತಿ ಇಬ್ಬರೂ ಉದ್ದಕ್ಕೆ ಮಲಗಿ, ಮಗ್ಗುಲು ಬದಲಿಸಿ, ಹತ್ತು ಹದಿನೈದು ನಿಮಿಷ ಮಾತಾಡುತ್ತಾ ಬಿದ್ದಿರುತ್ತಾರೆ. ಈ ನಾಚಿಕೆಗೇಡಿತನ ಕಲಿಯಲೇಬೇಕು ನೋಡಿ! ಅಂಗಾತ ಮಲಗಿ ಸೊಂಟದ ಕೆಳಗೆ ಕೈ ತೂರಿಸಿ. ಸಲೀಸಾಗಿ ಹೋದರೆ ಗಟ್ಟಿ ಜಾಸ್ತಿ. ಹೋಗುವುದೇ ಇಲ್ಲ ಅಂದರೆ ಮೆತ್ತಗೆ ಜಾಸ್ತಿ. ಸ್ವಲ್ಪ ಬಿಗಿಯಾಗಿ ಹೋದರೆ ಅದು ನಿಮ್ಮದು. ಮನೆಯಲ್ಲಿ ಕೆಲವು ವಾರ ಮಲಗಿ ನೋಡಿ ವಾಪಸ್ ಕೊಡುವ ಸೌಲಭ್ಯವಿದ್ದರೆ ಇನ್ನೂ ಒಳ್ಳೆಯದು. ಸಾಗಣೆ ಖರ್ಚು ಯಾರದ್ದು ಅಂತ ಮೊದಲೇ ಕೇಳಿಬಿಡಿ.

"ಆರ್ಥೋಪೆಡಿಕ್" ಅನ್ನುವ ಚೀಟಿಗೆ ಜಾಸ್ತಿ ದುಡ್ಡು ಸುರಿಯಬೇಡಿ. ಯಾರು ಬೇಕಾದರೂ ಅಂಟಿಸಬಹುದು. ಮೈಯ ಒತ್ತಡಕ್ಕೆ ತಗ್ಗಿ ನಿಧಾನಕ್ಕೆ ಮೇಲೇಳುವ ಮೆಮೊರಿ ಫೋಮ್ 1960ರ ದಶಕದಲ್ಲಿ ನಾಸಾಕ್ಕಾಗಿ ವಿಮಾನದ ಸೀಟಿಗೆಂದು ಹುಟ್ಟಿದ್ದು. ನಾಸಾದ ಆ ಹೆಸರನ್ನು ಇಂದಿಗೂ ಮಾರುತ್ತಿದ್ದಾರೆ. ಕೇಳಬೇಕಾದ್ದು ಡೆನ್ಸಿಟಿ, ಅಂದರೆ ಒಂದು ಘನ ಮೀಟರ್ ಫೋಮ್ ಎಷ್ಟು ಕಿಲೋ ತೂಗುತ್ತದೆ ಅನ್ನುವುದು. ಕಡಿಮೆಯಿದ್ದರೆ ಬೇಗ ತಗ್ಗು ಬೀಳುತ್ತದೆ. ಡೆನ್ಸಿಟಿ ಬೇರೆ, ಗಟ್ಟಿತನ ಬೇರೆ. ಮಾರುವವರೇ ಎಷ್ಟೋ ಸಲ ಎರಡನ್ನೂ ಕಲಸಿಬಿಡುತ್ತಾರೆ. ಕವರಿಗೆ ಜಿಪ್ ಇದ್ದರೆ ತೆಗೆಸಿ ಒಳಗಿನ ಪದರ ನೋಡಿ. ದಪ್ಪ ಹತ್ತು ಇಂಚಿದ್ದರೂ ಒಳ್ಳೆಯ ಫೋಮ್ ಮೇಲಿನ ಒಂದೆರಡು ಇಂಚು ಮಾತ್ರ ಇರಬಹುದು.

ಇಲ್ಲಿಯವರಲ್ಲಿ ನನಗೆ ಹಿಡಿಸದಿರುವುದು ಹಳೆಯದನ್ನು ಎತ್ತಿ ಬಿಸಾಡುವ ಆತುರ. ಅರಳೆ ಹಾಸಿಗೆ ಗಂಟುಗಟ್ಟಿದರೆ ಹಿಂಜಿಸಿ ಮತ್ತೆ ತುಂಬಿಸುತ್ತಿದ್ದ ನಮ್ಮ ಹಿರಿಯರ ಬುದ್ಧಿ ಫೋಮಿಗೂ ಒಂದಿಷ್ಟು ನಡೆಯುತ್ತದೆ. ಈಗಿರುವ ಹಾಸಿಗೆಯನ್ನೇ ಕೆಲವು ರಾತ್ರಿ ನೆಲಕ್ಕೆ ಹಾಕಿ ಮಲಗಿ. ನೋವು ಕಡಿಮೆಯಾದರೆ ತಪ್ಪು ಮಂಚದ ಪಟ್ಟಿಗಳದ್ದಿರಬಹುದು, ಅಡಿಗೆ ಒಂದು ಪ್ಲೈವುಡ್ ಹಾಕಿದರೆ ಸಾಕು. ಗಟ್ಟಿ ಅನಿಸಿದರೆ ಮೇಲೆ ಎರಡು ಇಂಚಿನ ಟಾಪರ್, ಅಂದರೆ ಹಾಸಿಗೆ ಮೇಲೆ ಹಾಸುವ ಮೆತ್ತನೆ ಪದರ, ಹಾಕಿ, ಹೊಸ ಹಾಸಿಗೆಗಿಂತ ಎಷ್ಟೋ ಅಗ್ಗ. ನಡುವೆ ತಗ್ಗು ಬಿದ್ದಿದ್ದರೆ ಮಾತ್ರ ಟಾಪರ್ ದಂಡ, ಅದೂ ಆ ಗುಂಡಿಗೇ ಇಳಿಯುತ್ತದೆ. ಆಗ ಹೊಸದು ತರಲೇಬೇಕು. ನೋವು ಕಾಲಿಗಿಳಿದು ಜೋಮು ಹಿಡಿಯುತ್ತಿದ್ದರೆ ಅಂಗಡಿಗಲ್ಲ, ಡಾಕ್ಟರ ಹತ್ತಿರ ಹೋಗಿ.

ದಂಪತಿಗಳಲ್ಲಿ ಒಬ್ಬರಿಗೆ ಗಟ್ಟಿ, ಇನ್ನೊಬ್ಬರಿಗೆ ಮೆತ್ತನೆಯದು ಬೇಕಾದರೆ? ಒಂದೇ ಮಂಚದ ಮೇಲೆ ಎರಡು ಸಿಂಗಲ್ ಹಾಸಿಗೆ ಹಾಕಿ. ದಪ್ಪ ಮಾತ್ರ ಎರಡರದ್ದೂ ಒಂದೇ ಇರಲಿ.